ಉಸುರು ಹಿಡಿಯುವ ಜಾಗ

ಕುಮಾರಪಟ್ಟಣದ ಹೊಳೆ ದಂಡೆಯಲ್ಲಿ ಒಂದು ಮದುವೆ ಮನೆಯ ಗುಗ್ಗಳ, ವೀರಭದ್ರನ ಸೇವೆ. ತುಂಗಭದ್ರೆಯಲ್ಲಿ ಗಂಗೆ ಪೂಜೆ ಮುಗಿಸಿದ ಮೆರವಣಿಗೆ ಊರೊಳಗಿನ ಓಣಿಗೆ ತಿರುಗಿತ್ತು. ಸಮಾಳದ ಹೊಡೆತಕ್ಕೆ ಕುಣಿಯುತ್ತಿದ್ದ ಹಿರಿಯ ಪುರವಂತರು ಮೂಲೆಯ ಮನೆಯ ಮುಂದೆ ಕತ್ತಿ ಎತ್ತಿದರು. ವಾದ್ಯ ಥಟ್ಟನೆ ನಿಂತಿತು, ಒಡಪು ಶುರುವಾಯಿತು. ದಕ್ಷಯಜ್ಞದ ಕತೆ. ಕರೆಯದಿದ್ದರೂ ತವರಿಗೆ ಹೋದ ದಾಕ್ಷಾಯಣಿಯನ್ನು ಅಲ್ಲಿ ಯಾರೊಬ್ಬರೂ ಮಾತಾಡಿಸಲಿಲ್ಲ ಎಂಬಲ್ಲಿಗೆ ಬರುವ ಹೊತ್ತಿಗೆ ಫ್ಯಾಕ್ಟರಿಯ ಪಾಳಿ ಬದಲಾಗುವ ಸೈರನ್ ಕೂಗಿತು. ದೊಡ್ಡ ಸದ್ದು, ಉದ್ದನೆಯ ಸದ್ದು. ಅವರು ದನಿ ಏರಿಸಲಿಲ್ಲ. ಎತ್ತಿದ ಕತ್ತಿಯನ್ನು ಇಳಿಸಲೂ ಇಲ್ಲ. ಹಣೆಯ ಬೆವರು ಹುಬ್ಬಿನವರೆಗೆ ಇಳಿದು ಅಲ್ಲೇ ನಿಂತಿತ್ತು. ಸೈರನ್ ಮುಗಿಯಿತು. ಅವರು ಇನ್ನೂ ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತರು. ಆಮೇಲೆ ಮಗಳು ತಂದೆಗೆ ಆಡುವ ಮೊದಲ ಮಾತನ್ನು, ಅಷ್ಟು ಹೊತ್ತು ಗುಡುಗಿದ್ದ ಆ ಗಂಟಲಿನಿಂದ, ಪಕ್ಕದವರಿಗೆ ಹೇಳುವಷ್ಟು ಮೆಲ್ಲಗೆ ಹೇಳಿದರು. ನನ್ನ ಬಗಲಲ್ಲಿ ನಿಂತಿದ್ದ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗುಗ್ಗಳ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗ ಅದನ್ನೇ ಕೇಳಿದೆ. “ಅಜ್ಜಾರ, ಸೈರನ್ ಆದಾಗ ಏನ್ ಮಾಡಿದ್ರಿ?”

“ನಾ ಏನೂ ಮಾಡ್ಲಿಲ್ಲ ತಮ್ಮಾ. ಅಲ್ಲಿ ನಾನs ನಿಲ್ಲಬೇಕಾಗಿತ್ತು. ಅದು ಬಂದು ನನ್ನ ಕೆಲಸ ಮಾಡಿಕೊಟ್ಟು ಹೋತು.” ಬಸಿಯಲ್ಲಿ ಉಳಿದ ಚಹಾ ಕುಡಿದು ಇನ್ನೊಂದು ಮಾತು ಸೇರಿಸಿದರು. “ಬಾಯಿ ಬಂದವ್ರು ಬಾಳ ಮಂದಿ ಅದಾರ. ಉಸುರು ಹಿಡಿಯೂ ಜಾಗ ಗೊತ್ತಿದ್ದವ್ರು ಕಡಿಮಿ.”

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆಯ ಮಾತಿನ ಕಲೆಗಳನ್ನು ಇಷ್ಟು ವರ್ಷ ಕೇಳಿದ ಮೇಲೂ ಅವುಗಳಿಗೆ ಒರೆಗಲ್ಲು ಯಾವುದು ಎಂದು ನನಗೆ ಸ್ಪಷ್ಟವಾಗಿರಲಿಲ್ಲ. ಆ ಕಟ್ಟೆಯ ಮೇಲೆ ಸಿಕ್ಕಿತು. ನಾವು ಸಾಮಾನ್ಯವಾಗಿ ಹೊಗಳುವುದು ದನಿಯನ್ನು, ನೆನಪಿನ ಶಕ್ತಿಯನ್ನು, ಆವೇಶವನ್ನು. ಈ ಮೂರೂ ಇದ್ದು ಒಡಪು ಕೆಟ್ಟದಾಗಿರುವುದನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಕೇಳುವವರ ಮನಸ್ಸು ಬಂದು ಕೂರಲು ಹೇಳುವವನು ಎಲ್ಲಿ ಜಾಗ ಬಿಡುತ್ತಾನೆ, ಎಷ್ಟು ಬಿಡುತ್ತಾನೆ ಎಂಬುದರ ಮೇಲೆ ಒಡಪು ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ.

ಒಡಪು ಹಾಡಲ್ಲ, ಬರೀ ಮಾತೂ ಅಲ್ಲ. ಪ್ರಾಸ ಇರುತ್ತದೆ, ಆದರೆ ಪದ್ಯದಂತೆ ಸಾಲು ಸಾಲಾಗಿ ಕತ್ತರಿಸಿ ಇಟ್ಟಿರುವುದಿಲ್ಲ. ಒಂದು ಉಸಿರಿಗೆ ಎಷ್ಟು ಮಾತು ಹಿಡಿಯುತ್ತದೋ ಅಷ್ಟು ಒಂದು ಸಾಲು. ರುದ್ರನನ್ನು, ದೇವನನ್ನು ಕೂಗಿ ಕರೆದು ಶುರುವಾದರೆ ಏರುತ್ತಾ ಏರುತ್ತಾ ಹೋಗಿ, ಇನ್ನು ಉಸಿರೇ ಇಲ್ಲ ಎನ್ನುವಲ್ಲಿ ಸಮಾಳ ಬಂದು ಎತ್ತಿಕೊಳ್ಳುತ್ತದೆ. ಇದೇ ಕತೆಯನ್ನು ರಾಘವಾಂಕ ‘ವೀರೇಶ ಚರಿತೆ’ಯಲ್ಲಿ ಉದ್ದಂಡ ಷಟ್ಪದಿಯಲ್ಲಿ ಬರೆದ. ಅವನು ಆ ಛಂದಸ್ಸನ್ನು ಯಾಕೆ ಆರಿಸಿಕೊಂಡ ಎಂದು ಪಾಠದ ಕೋಣೆಯಲ್ಲಿ ಅರ್ಥವಾಗದಿದ್ದದ್ದು ಓಣಿಯಲ್ಲಿ ಅರ್ಥವಾಗುತ್ತದೆ: ವೀರಭದ್ರನ ಸಿಟ್ಟಿಗೆ ಉದ್ದನೆಯ ಉಸಿರು ಬೇಕು.

ಈಚಿನ ಒಡಪುಗಳ ಮೇಲೆ ನನ್ನ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಕಿರಿಯ ಪುರವಂತರಲ್ಲಿ ಹಲವರು ವೇಗವನ್ನೇ ಕಸುಬು ಎಂದುಕೊಂಡಿದ್ದಾರೆ. ಒಂದೇ ಉಸಿರಿಗೆ ಎಷ್ಟು ಹೇಳಿದ ಎಂದು ಜನ ಚಪ್ಪಾಳೆ ತಟ್ಟುತ್ತಾರೆ, ಮೊಬೈಲಿನಲ್ಲಿ ಹಿಡಿದು ಹಂಚುತ್ತಾರೆ. ಮಾತು ಮಾತಿಗೆ ಅಂಟಿಕೊಂಡು ಓಡುವಾಗ ದಕ್ಷ ಯಾರು, ದಾಕ್ಷಾಯಣಿ ಯಾರು, ಸಿಟ್ಟು ಯಾವುದಕ್ಕೆ, ಒಂದೂ ಉಳಿಯುವುದಿಲ್ಲ. ಕತೆಯ ನಡುಮನೆಯಲ್ಲಿರುವುದು ತವರಿನಲ್ಲಿ ಅವಮಾನ ಉಂಡ ಹೆಣ್ಣುಮಗಳು. ಗುಗ್ಗಳದ ಸುತ್ತ ನಿಂತ ಹೆಂಗಸರಿಗೆ ಅದು ಪುರಾಣವಲ್ಲ. ಹಿರಿಯರು ನಿಲ್ಲಿಸಿದ ಆ ಗಳಿಗೆಯಲ್ಲಿ ಮುದುಕಿಗೆ ತನ್ನ ಯಾವುದೋ ತವರು ನೆನಪಾಯಿತು. ವೇಗದ ಒಡಪಿನಲ್ಲಿ ಅವಳಿಗೆ ಆ ಬಿಡುವು ಸಿಗುತ್ತಿರಲಿಲ್ಲ. ಪುರವಂತರು ಸೇವೆಯಲ್ಲಿ ಶಸ್ತ್ರ ಚುಚ್ಚಿಕೊಳ್ಳುವುದೂ ಹಾಗೆಯೇ: ಒಡಪು ತಾನೇ ಚುಚ್ಚಿದ್ದರೆ ಸಲಾಕೆಯತ್ತ ಅಷ್ಟು ಬೇಗ ಕೈ ಹೋಗುತ್ತಿರಲಿಲ್ಲ. ಇದನ್ನು ಹಿರಿಯರ ಮುಂದೆಯೂ ಹೇಳಿದೆ. ಅವರು ಒಪ್ಪಲಿಲ್ಲ. “ಅದು ದೇವರ ಸೇವಾ, ನಿಮ್ಮ ಲೆಕ್ಕಕ್ಕ ಬರೂದಿಲ್ಲ” ಎಂದರು. ಭಕ್ತಿಯ ಲೆಕ್ಕ ಬೇರೆ ಎಂಬುದನ್ನು ನಾನು ಒಪ್ಪುತ್ತೇನೆ. ಕಲೆಯ ಲೆಕ್ಕದಲ್ಲಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಗೀಗೀ ಪದದಲ್ಲಿ ಜಾಗ ಬಿಡುವ ರೀತಿ ಬೇರೆ. ದಪ್ಪು ಹಿಡಿದು ಮುಂದೆ ನಿಂತವರು ಒಂದು ನುಡಿ ಹಾಡಿ ಬಿಟ್ಟರೆ, ತುಂತುಣಿ ಮತ್ತು ತಾಳದ ಹಿಮ್ಮೇಳ ‘ಗೀಯ ಗಾ’ ಎಂದು ಎತ್ತಿಕೊಳ್ಳುತ್ತದೆ. ಆ ‘ಗೀಗೀ’ಗೆ ಅರ್ಥವಿಲ್ಲ ಎಂದು ಬರೆದವರಿದ್ದಾರೆ. ಅದರ ಕೆಲಸ ದೊಡ್ಡದು. ಮುಂದೆ ನಿಂತ ಹಾಡುಗಾರ ಆ ಹೊತ್ತಿನಲ್ಲಿ ಮುಂದಿನ ನುಡಿ ಕಟ್ಟುತ್ತಾನೆ, ಕೇಳುವವರು ಹಿಂದಿನ ನುಡಿ ಜೀರ್ಣಿಸಿಕೊಳ್ಳುತ್ತಾರೆ. ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಮೇಳಕ್ಕೆ ಬರುವ ಒಬ್ಬ ಹಿಮ್ಮೇಳದ ಹುಡುಗನನ್ನು ನಿನ್ನ ಕೆಲಸ ಏನು ಎಂದು ಕೇಳಿದರೆ, “ಕಾಕಾಗ ಮಾತು ಸಿಗೂತನಾ ಎಳೆದು ಹಿಡಿಯೂದು” ಎಂದ. ಕಾಕಾನ ಕಣ್ಣು ನೋಡಿಕೊಂಡೇ ಇರುತ್ತಾನಂತೆ. ಕಣ್ಣು ಮುಚ್ಚಿದರೆ ಇನ್ನೊಂದು ಸುತ್ತು ಎಳೆಯಬೇಕು. ರೆಪ್ಪೆ ಎತ್ತಿದರೆ ಬಿಡಬೇಕು.

ಈ ಹಾಡುಗಾರಿಕೆಯ ಬೇರು ಲಾವಣಿಯಲ್ಲಿದೆ. ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದದ್ದು, ಸಂಗೊಳ್ಳಿ ರಾಯಣ್ಣನ ಬಂಡು, ಇವೆಲ್ಲ ನಮಗೆ ಉಳಿದದ್ದು ಹಾಡಿನ ಬಾಯಲ್ಲಿ. 19ನೇ ಶತಮಾನದ ಕೊನೆಗೆ ಜೆ.ಎಫ್. ಫ್ಲೀಟ್ ಅವನ್ನು ಬರೆಸಿಕೊಂಡು ಅಚ್ಚು ಮಾಡಿದ. ಹಲಸಂಗಿಯ ಗೆಳೆಯರು 1933ರಲ್ಲಿ ‘ಜೀವನ ಸಂಗೀತ’ ಎಂದು ಲಾವಣಿಗಳ ಸಂಗ್ರಹ ತಂದರು. ನಮ್ಮ ಸೀಮೆಯದೇ ಕತೆ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನದು. ದಂಡಿಯಾತ್ರೆಯಲ್ಲಿ ಗಾಂಧಿಯವರ ಜೊತೆ ನಡೆದ ಹುಡುಗ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದ, ಅವನೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಇದನ್ನು ಹಾಡುವ ಹೊತ್ತಿಗೆ ಗುಂಡಿನ ಸದ್ದನ್ನು ದಪ್ಪಿನ ಮೇಲೆ ಹೊಡೆದು ತೋರಿಸುವವರನ್ನು ಕೇಳಿದ್ದೇನೆ. ಒಬ್ಬರು ಮಾತ್ರ ಅಲ್ಲಿ ದಪ್ಪಿನ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿಬಿಟ್ಟರು. ನನ್ನ ಕಿವಿಗೆ ಆ ಗುಂಡೇ ಹೆಚ್ಚು ಹತ್ತಿರ ಹಾರಿತು.

ಗೀಗೀಯ ನಿಜವಾದ ಜೀವ ಸವಾಲ್–ಜವಾಬಿನಲ್ಲಿದೆ. ಹರದೇಶಿಯವರು ಗಂಡನ್ನು, ಶಿವನನ್ನು ಎತ್ತಿ ಹಿಡಿಯುತ್ತಾರೆ. ನಾಗೇಶಿಯವರು ಹೆಣ್ಣನ್ನು, ಶಕ್ತಿಯನ್ನು. ಒಬ್ಬರು ಒಗಟು ಹಾಕಿ ಕೂತರೆ ಇನ್ನೊಬ್ಬರು ಬೆಳಗಾಗುವುದರೊಳಗೆ ಬಿಡಿಸಬೇಕು, ತಿರುಗಿ ಹಾಕಬೇಕು. ಐರ್ಲೆಂಡಿನ ಐರಿಷ್ ಮಾತಾಡುವ ಜನರಲ್ಲೂ ಇಂಥದೊಂದು ಇದೆ. ‘ಅಗಲವ್ ಬೆರ್ಚೆ’, ಅಂದರೆ ಇಬ್ಬರ ಮಾತುಕತೆ: ಎದುರುಬದುರು ನಿಂತ ಇಬ್ಬರು ಪ್ರಾಸ ಕಟ್ಟಿದ ಸಾಲುಗಳಲ್ಲಿ ಜಗಳವಾಡುತ್ತಾರೆ, ಸಭೆ ನಗುತ್ತಾ ಪಕ್ಷ ಕಟ್ಟುತ್ತದೆ. 1897ರಲ್ಲಿ ಶುರುವಾದ ಅವರ ಭಾಷೆಯ ಹಬ್ಬದಲ್ಲಿ ಇದಕ್ಕೆ ಸ್ಪರ್ಧೆಯೇ ಇದೆ. ಅವರ ಹಳೆಯ ಹಾಡುಗಾರಿಕೆಯಾದ ‘ಶಾನ್ ನೋಸ್’ನಲ್ಲಿ ಕೇಳುಗನೊಬ್ಬ ಹಾಡುವವರ ಕೈ ಹಿಡಿದು ಹಾಡಿನುದ್ದಕ್ಕೂ ಮೆಲ್ಲಗೆ ತಿರುಗಿಸುತ್ತಾ ಕೂರುವ ಪದ್ಧತಿ ಇದೆ. ಇದನ್ನು ನಾನು ಒಬ್ಬ ನಾಗೇಶಿ ಹಾಡುಗಾರ್ತಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಹೌದಲ್ಲರೀ, ಒಬ್ಬರರೆ ಹಿಡಕೊಳ್ಳಬೇಕು. ನಮಗ ಮುಂದ ಕುಂತವ್ರು ಭಲೇ ಅಂತಾರ, ಅದs ಕೈ ಹಿಡದಂಗ” ಎಂದರು.

ಆ ಅಕ್ಕನವರ ಮಾತುಗಳೇ ಗೀಗೀಯ ಇವತ್ತಿನ ಸ್ಥಿತಿಯ ಮೇಲೆ ಸರಿಯಾದ ವಿಮರ್ಶೆ. ಉತ್ಸವಗಳಲ್ಲಿ ಹತ್ತು ನಿಮಿಷ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ಎರಡು ಮೇಳ ಎದುರಾಗುವುದಾದರೂ ಹೇಗೆ? ಒಂದೇ ಮೇಳ ಹತ್ತಿ, ಒಂದು ಪದ ಹಾಡಿ, ಶಾಲು ಹೊದ್ದು ಇಳಿಯುತ್ತದೆ. ಸವಾಲೂ ಇಲ್ಲ, ಜವಾಬೂ ಇಲ್ಲ. ಇನ್ನುಳಿದದ್ದು ಪ್ರಚಾರದ ಪದ: ಶೌಚಾಲಯ ಕಟ್ಟಿಸಿಕೊಳ್ಳಿ, ಮತ ಹಾಕಿ, ಲಸಿಕೆ ಹಾಕಿಸಿ. ಅವು ಬೇಕಾದ ಮಾತುಗಳೇ. ಹಾಡುಗಾರರ ಒಲೆ ಹೊತ್ತುವುದೂ ಬಹಳ ಸಲ ಅದರಿಂದಲೇ, ಹಾಗಾಗಿ ಹಾಡುವವರನ್ನು ದೂರುವುದು ಅನ್ಯಾಯ. ಆದರೆ ಉತ್ತರವನ್ನು ಮೊದಲೇ ಬರೆದುಕೊಟ್ಟು ಹಾಡಿಸುವ ಪದದಲ್ಲಿ ಕೇಳುವವನಿಗೆ ಮಾಡಲು ಕೆಲಸ ಉಳಿದಿರುವುದಿಲ್ಲ. ‘ಗೀಗೀ’ ಎಂದು ಎಳೆಯುವಾಗ ಅವನು ಏನನ್ನು ಜೀರ್ಣಿಸಿಕೊಳ್ಳಬೇಕು?

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಇಡೀ ರಾತ್ರಿಯ ಸವಾಲುಗಳಲ್ಲಿ ಹರದೇಶಿಯ ಗಂಡಸರು ಎದುರಿನ ಹೆಂಗಸಿನ ಮೈಯನ್ನು, ಮನೆತನವನ್ನು ಆಡಿಕೊಂಡು ಜನರನ್ನು ನಗಿಸುವುದು ಬಹಳ ಇತ್ತು, ಈಗಲೂ ಇದೆ. ಅದನ್ನು ಜಾನಪದದ ಗಂಡುಗಾರಿಕೆ ಎಂದು ಮೆಚ್ಚುವವರ ಜೊತೆ ನಾನಿಲ್ಲ. ಒಗಟು ಬಿಡಿಸಲಾಗದವನು ಬೈಗುಳಕ್ಕೆ ಇಳಿಯುತ್ತಾನೆ, ಅದು ಕಸುಬಿನಲ್ಲಿ ಸೋತ ಗುರುತು. “ಆಗ ನೀವು ಏನ್ ಮಾಡ್ತಿದ್ರಿ ಅಕ್ಕಾರ?” ಎಂದು ಕೇಳಿದೆ. “ಸುಮ್ಮನ ನಿಂದ್ರತಿದ್ದೆ. ದಪ್ಪು ಬಾರಸ್ತಿರಲಿಲ್ಲ. ಹಿಮ್ಮೇಳಕ್ಕೂ ಬ್ಯಾಡ ಅಂತಿದ್ದೆ. ನಕ್ಕ ಮಂದೀನs ಸ್ವಲ್ಪ ಹೊತ್ತಿಗೆ ತಲಿ ತಗ್ಗಿಸ್ತಿದ್ರು.” ಒಂದು ಜೀವಮಾನದ ಧೈರ್ಯವನ್ನು ಅವರು ಇಷ್ಟು ಸಣ್ಣದಾಗಿ ಹೇಳಿ ಮುಗಿಸಿದರು.

ಎಲ್ಲಕ್ಕಿಂತ ಚಿಕ್ಕ ಮಾತು ದೇವರಗುಡ್ಡದ ಕಾರ್ಣಿಕದ್ದು. ರಾಣೆಬೆನ್ನೂರು ತಾಲ್ಲೂಕಿನ ಈ ಮಾಲತೇಶನ ಗುಡ್ಡದಲ್ಲಿ ನವರಾತ್ರಿಯ ಕೊನೆಗೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರುತ್ತಾನೆ. ‘ಸದ್ದಲೇ’ ಎಂದೊಡನೆ ಡಮರುಗ, ಪಿಳ್ಳಂಗೋವಿ, ಏಳುಕೋಟಿಯ ಕೂಗು, ಮಕ್ಕಳ ಅಳು ಎಲ್ಲ ಅಡಗುತ್ತವೆ. ಒಂದೇ ಒಂದು ಸಾಲು, ಕೊನೆಗೆ ‘ಪರಾಕ್’, ಮೇಲಿಂದ ಕೈಬಿಟ್ಟು ಬೀಳುವ ಅವನನ್ನು ಕೆಳಗಿನವರು ಹಿಡಿಯುತ್ತಾರೆ. ಹೊಳೆಯಾಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೂ ಹೀಗೆಯೇ. ಆ ಸಾಲು ಭವಿಷ್ಯ ನುಡಿಯುತ್ತದೋ ಇಲ್ಲವೋ ಎಂಬ ಚರ್ಚೆ ನನ್ನದಲ್ಲ. ಮಾತಿನ ಕಲೆಯಾಗಿ ನೋಡಿದರೆ, ಸಾವಿರಾರು ಜನರನ್ನು ಸುಮ್ಮನಾಗಿಸಿ ನಾಲ್ಕೈದು ಶಬ್ದ ಹೇಳಿ ಮುಗಿಸುವ ಎದೆಗಾರಿಕೆ ನಮ್ಮ ಯಾವ ಕವಿಗೋಷ್ಠಿಗೂ ಇಲ್ಲ. ಮಳೆ ಬೆಳೆ, ರಾಜಕಾರಣ, ತನ್ನ ಮನೆಯ ಜಗಳ, ಯಾವುದಕ್ಕಾದರೂ ಹೊಂದಿಸಿಕೊಳ್ಳುವ ಹಾಗೆ ಆ ಸಾಲು ತೆರೆದೇ ಇರುತ್ತದೆ. ಊರಿಗೆ ನಡೆಯುತ್ತಾ, ಬುತ್ತಿ ಬಿಚ್ಚುತ್ತಾ, ಇಡೀ ಚಳಿಗಾಲ ಜನ ಅದನ್ನು ಬಿಡಿಸುತ್ತಿದ್ದರು. ಈಗ ಗೊರವಯ್ಯ ಕೆಳಗೆ ಬೀಳುವಷ್ಟರಲ್ಲಿ ಟಿವಿಯಲ್ಲಿ ಇಂಥ ಪಕ್ಷಕ್ಕೆ ಗೆಲುವು ಎಂದು ಅರ್ಥ ಬಂದುಬಿಟ್ಟಿರುತ್ತದೆ. ಒಂದು ಚಳಿಗಾಲದ ಕೆಲಸವನ್ನು ಒಂದು ನಿಮಿಷದಲ್ಲಿ ಕಿತ್ತುಕೊಂಡ ಹಾಗೆ ನನಗೆ ಅನ್ನಿಸುತ್ತದೆ.

ಅಷ್ಟೇ ಚಿಕ್ಕ ಇನ್ನೊಂದು ಮಾತು ಇಂದಿನ ಹಾವೇರಿ ಜಿಲ್ಲೆಯಲ್ಲಿ ಹುಟ್ಟಿತ್ತು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಮತ್ತು ಸರ್ಕಾರ ಸೇರಿ ಕಟ್ಟಿದ ಪಲ್ಪ್‌ವುಡ್ ಕಂಪನಿ ಹಳ್ಳಿಗಳ ಗೋಮಾಳದಲ್ಲಿ ನೀಲಗಿರಿ ನೆಟ್ಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಆ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೋ ಹಚ್ಚಿಕೋ’. ಬಾಯಲ್ಲಿ ಹೇಳಿ ನೋಡಿ. ಮೊದಲ ಶಬ್ದಕ್ಕೆ ಬಗ್ಗಿದ ಕೈ ಎರಡನೆಯದಕ್ಕೆ ಮಣ್ಣು ಮುಚ್ಚುತ್ತದೆ, ನಡುವೆ ಸರಿಯಾಗಿ ಒಂದು ಉಸಿರು.

ಪುಸ್ತಕದ ಕವಿಗಳಲ್ಲಿ ಈ ಗುಟ್ಟು ತಿಳಿದಿದ್ದವರು ನಮ್ಮವರೇ ಆದ ಚಂಪಾ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು 2022ರಲ್ಲಿ ತೀರಿಕೊಂಡರು. ಅವರ ಹಲವು ಪದ್ಯಗಳು ಹಾಳೆಯ ಮೇಲೆ ತೆಳುವಾಗಿ ಕಾಣುತ್ತವೆ, ಸಭೆಯಲ್ಲಿ ಓದಿದಾಗ ತುಂಬಿಕೊಳ್ಳುತ್ತವೆ. ಇದನ್ನು ಕೊರತೆ ಎಂದು ಬರೆದ ವಿಮರ್ಶಕರು ಗೀಗೀಯ ಮುಂದೆ ಒಂದು ರಾತ್ರಿ ಕೂತಿದ್ದರೆ ಬೇರೆ ಮಾತು ಆಡುತ್ತಿದ್ದರು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ಪದಗಳ ಸಂಗ್ರಹದ ಜೊತೆಗೆ ಈ ನಿಲ್ಲುವಿಕೆಗಳ ಸಂಗ್ರಹವೂ ಆಗಬೇಕು ಎಂಬುದು ನನ್ನ ಆಸೆ: ಯಾವ ಮೇಳ, ಯಾವ ನುಡಿಯಲ್ಲಿ, ಯಾರ ಮುಂದೆ, ಎಷ್ಟು ಹೊತ್ತು ಸುಮ್ಮನಾಯಿತು.

ಹೊರಡುವಾಗ ಆ ನಾಗೇಶಿ ಅಕ್ಕನವರು ತಮ್ಮ ಗುರುವಿನಿಂದ ಬಂದ ಒಂದು ಒಗಟಿನ ಪದ ಹಾಡಿದರು. ಎರಡು ಸುತ್ತು ಹಾಡಿದ ಮೇಲೆ ನನಗೆ ಬಿಡಿಸಲಾಗದ್ದು ಕಂಡು ಉತ್ತರವನ್ನೂ ಕಿವಿಯಲ್ಲಿ ಹೇಳಿದರು. ನಾನು ಪೆನ್ನು ತೆಗೆದೆ. ಅವರು ನನ್ನ ಕೈ ಹಿಡಿದರು. “ತಮ್ಮಾ, ಬ್ಯಾರೆ ಏನರೆ ಬರಕೋರಿ. ಇದರ ಜವಾಬು ಬರೀಬ್ಯಾಡ್ರಿ. ಇದನ್ನ ಬಿಡಸೂ ಮೇಳ ಇನ್ನೂ ಬಂದಿಲ್ಲ, ನಾ ಕಾಯಾಕತ್ತೇನಿ.”

ಅದಕ್ಕೇ ಅದನ್ನಿಲ್ಲಿ ಬರೆದಿಲ್ಲ.