ಒದ್ದೆ ಬಟ್ಟೆ, ನಾಲ್ಕನೇ ಜಾವ

ಕವಿಗೋಷ್ಠಿ ಮುಗಿದು ಚಹಾ ಕುಡಿಯುವ ಹೊತ್ತಿಗೆ ಕವಿಗಳ ನಡುವೆ ಒಂದು ಮಾತು ಬಂದೇ ಬರುತ್ತದೆ: ‘ಈಚೆಗೆ ಏನೂ ಬರೆದಿಲ್ಲ, ಒಳಗಿಂದ ಬರ್ತಾ ಇಲ್ಲ.’ ಹೇಳುವ ಧಾಟಿಯಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಒಂದು ತೂಕ ಹೆಚ್ಚು. ಇದೇ ಮಾತನ್ನು ಅಂಕಣಕಾರ ಆಡಿದರೆ ಸಂಪಾದಕರು ಮರುವಾರವೇ ಬೇರೊಬ್ಬರನ್ನು ಹುಡುಕಿಕೊಳ್ಳುತ್ತಾರೆ. ಕವಿಗೆ ಮಾತ್ರ ಈ ರಿಯಾಯಿತಿ. ಸ್ಫೂರ್ತಿ ಬರುವ ತನಕ ಪೆನ್ನು ಮುಟ್ಟದಿರುವುದು ನಮ್ಮಲ್ಲಿ ವ್ರತದಷ್ಟು ಗೌರವ ಪಡೆದುಬಿಟ್ಟಿದೆ. ಅದರಿಂದ ಕಾವ್ಯಕ್ಕೆ ದಕ್ಕಿದ್ದೇನು ಎಂದು ಕೇಳುವವರು ಕಡಿಮೆ.

ಈ ವ್ರತಸ್ಥರು ಕರೆತರುವ ಮೊದಲ ಸಾಕ್ಷಿ ವಾಲ್ಮೀಕಿ. ತಮಸಾ ನದಿಯ ದಂಡೆಯಲ್ಲಿ ಬೇಡನ ಬಾಣಕ್ಕೆ ಕ್ರೌಂಚ ಉರುಳಿತು, ಋಷಿಯ ಶೋಕವೇ ಶ್ಲೋಕವಾಯಿತು. ನಿಜ, ಆದರೆ ಆ ಗಳಿಗೆ ಕೊಟ್ಟದ್ದು ಒಂದೇ ಒಂದು ಶ್ಲೋಕ. ರಾಮಾಯಣದಲ್ಲಿರುವುದು 24,000 ಎಂಬುದು ಸಾಂಪ್ರದಾಯಿಕ ಲೆಕ್ಕ. ಮಿಕ್ಕವುಗಳಿಗಾಗಿ ಇನ್ನೊಂದು ಹಕ್ಕಿ ಸಾಯಲಿಲ್ಲ. ಬಾಲಕಾಂಡ ಮುಂದಕ್ಕೆ ಏನು ಹೇಳುತ್ತದೆ ನೋಡಿ: ಬ್ರಹ್ಮ ಬಂದು ರಾಮನ ಕಥೆಯನ್ನು ಬರೆಯೆಂದು ಕೆಲಸ ವಹಿಸುತ್ತಾನೆ, ವಾಲ್ಮೀಕಿ ಆಚಮನ ಮಾಡಿ, ದರ್ಭೆ ಹಾಸಿ, ಕೈಮುಗಿದು ಕಥೆಯ ಜಾಡು ಹಿಡಿಯುತ್ತಾನೆ. ನಾವು ಹಕ್ಕಿಯನ್ನು ನೆನಪಿಟ್ಟುಕೊಂಡು ದರ್ಭೆಯನ್ನು ಮರೆತೆವು.

ಗದಗಿನ ಕಥೆಯೂ ಹೀಗೆಯೇ. ಕುಮಾರವ್ಯಾಸ ಮಿಂದು ಬಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಕಾವ್ಯ ಹರಿಯುತ್ತಿತ್ತು, ಆರಿತೋ, ನಿಂತಿತು. ಭಕ್ತರು ಇದನ್ನು ಪವಾಡವೆಂದು ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ವೇಳಾಪಟ್ಟಿ. ದಿನವೂ ಅದೇ ಜಾಗ, ಅದೇ ಹೊತ್ತು, ಅಳೆದಿಟ್ಟ ಅವಧಿ. (ಗದಗಿನ ಬಿಸಿಲಿಗೆ ಪಂಚೆ ಆರಲು ಎಷ್ಟು ಹೊತ್ತು ಬೇಕು! ಬೇಸಿಗೆಯಲ್ಲಿ ಬರೆದ ಸಂಧಿಗಳು ಚಿಕ್ಕವಿರಬೇಕು.) ಹತ್ತು ಪರ್ವಗಳ ಭಾಮಿನಿ ಷಟ್ಪದಿ ಮುಗಿದದ್ದು ಹಾಗೆ ದಿನದಿನವೂ ಕೂತದ್ದರಿಂದ. ಬರೆದದ್ದನ್ನು ಅಳಿಸುವುದಿಲ್ಲ ಎಂದು ಅವನು ಹೇಳಿಕೊಂಡದ್ದುಂಟು. ಆ ಹೆಮ್ಮೆ ಅವನಿಗೆ ಸಲ್ಲುತ್ತದೆ. ಅದನ್ನು ನಿಯಮ ಮಾಡಿಕೊಂಡ ನಮ್ಮ ಕಾಲದ ಕವಿಗಳಿಗೆ ಸಲ್ಲುವುದಿಲ್ಲ. ಪಂಪನಂತೂ ಇನ್ನೂ ನೇರ: ಆದಿಪುರಾಣಕ್ಕೆ ಮೂರು ತಿಂಗಳು, ವಿಕ್ರಮಾರ್ಜುನ ವಿಜಯಕ್ಕೆ ಆರು ತಿಂಗಳು ಎಂದು ಕೂಲಿಯ ಲೆಕ್ಕ ಕೊಟ್ಟ ಹಾಗೆ ಹೇಳಿಬಿಡುತ್ತಾನೆ.

ಪಂಪನಿಗಿಂತ ತುಸು ಹಿಂದಿನವನು, ಕನೌಜಿನ ಆಸ್ಥಾನದ ರಾಜಶೇಖರ. ಅವನ ‘ಕಾವ್ಯಮೀಮಾಂಸೆ’ಯ ಹತ್ತನೇ ಅಧ್ಯಾಯ ಓದಿದರೆ ಸ್ಫೂರ್ತಿವಾದಿಗಳಿಗೆ ಇರುಸುಮುರುಸಾಗುತ್ತದೆ. ಕವಿಯ ದಿನವನ್ನು ಅವನು ಜಾವಗಳಾಗಿ ಹಂಚಿಟ್ಟಿದ್ದಾನೆ. ಬೆಳಗ್ಗೆ ಸರಸ್ವತಿಯ ಪೂಜೆ, ಮೊದಲ ಜಾವ ವಿದ್ಯೆಗಳ ಅಭ್ಯಾಸ, ಎರಡನೆಯದು ಕಾವ್ಯರಚನೆ. ಊಟವಾದ ಮೇಲೆ ಮೂರನೆಯದರಲ್ಲಿ ಕಾವ್ಯಗೋಷ್ಠಿ. ನಾಲ್ಕನೆಯದರಲ್ಲಿ ಒಬ್ಬನೇ ಕೂತೋ, ನಂಬಿಕೆಯ ಒಂದಿಬ್ಬರೊಡನೆಯೋ, ಬೆಳಗ್ಗೆ ಬರೆದದ್ದರ ಪರೀಕ್ಷೆ. ಇದಕ್ಕೆ ಅವನು ಕೊಡುವ ಕಾರಣ ಇಡೀ ಪುಸ್ತಕದ ಬೆಲೆ ಬಾಳುತ್ತದೆ: ರಸದ ಆವೇಶದಲ್ಲಿ ಬರೆಯುವವನಿಗೆ ಆ ಹೊತ್ತಿನಲ್ಲಿ ವಿವೇಚನೆಯ ಕಣ್ಣು ಇರುವುದಿಲ್ಲ. ಹೆಚ್ಚಾದದ್ದನ್ನು ತೆಗೆಯಬೇಕು, ಕೊರತೆ ತುಂಬಬೇಕು, ಸ್ಥಾನ ತಪ್ಪಿದ್ದನ್ನು ಸರಿಪಡಿಸಬೇಕು. ಆವೇಶವನ್ನು ಅವನು ಎಲ್ಲೂ ಅಲ್ಲಗಳೆದಿಲ್ಲ. ಅದಕ್ಕೆ ಒಂದು ಜಾವ ಕೊಟ್ಟು, ತಪ್ಪು ಹುಡುಕುವುದಕ್ಕೂ ಒಂದು ಜಾವ ಕೊಟ್ಟ, ಅಷ್ಟೆ.

ಕಾಯುವ ವ್ರತದ ನಿಜವಾದ ಹಾನಿ ಇರುವುದು ಇಲ್ಲಿ. ಕವಿತೆ ತಡವಾದರೆ ಯಾರಿಗೂ ನಷ್ಟವಿಲ್ಲ. ಆದರೆ ‘ತಾನಾಗಿ ಬಂದದ್ದು’ ಎಂಬ ಕಾರಣಕ್ಕೆ ಅದನ್ನು ಮುಟ್ಟಬಾರದೆಂಬ ಮಡಿ ಶುರುವಾಗುತ್ತದೆ. ಇತ್ತೀಚಿನ ಕವನಸಂಕಲನಗಳನ್ನು ತೆರೆದರೆ ಒಂದು ರೋಗ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೊದಲ ಮೂರು ನಾಲ್ಕು ಸಾಲು ಬಿಗಿಯಾಗಿರುತ್ತವೆ, ಅಲ್ಲಿಂದ ಮುಂದೆ ಬರೀ ಜೊಳ್ಳು. ಸ್ಫೂರ್ತಿ ಕೈಬಿಟ್ಟ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಅಲ್ಲಿಂದ ಕೆಲಸ ಶುರುವಾಗಬೇಕಿತ್ತು, ಕವಿ ಅಲ್ಲಿ ವಿಶೇಷಣಗಳನ್ನು ತುಂಬಿ ಎದ್ದುಬಿಟ್ಟಿದ್ದಾನೆ. ಈಗ ಫೋನು ಬೇರೆ ಕೈಯಲ್ಲಿದೆ. ಬರೆದ ಹತ್ತು ನಿಮಿಷಕ್ಕೆ ಮೆಚ್ಚುಗೆಯೂ ಬಂದಿರುತ್ತದೆ.

ಆವೇಶವಾದದ ದೊಡ್ಡ ಪುರಾವೆಯೆಂದು ಇಂಗ್ಲಿಷ್ ಮೇಷ್ಟ್ರುಗಳು ಪಾಠ ಹೇಳುತ್ತಿದ್ದದ್ದು ಕೋಲ್‌ರಿಜ್‌ನ ‘ಕುಬ್ಲಾ ಖಾನ್’. ಕನಸಿನಲ್ಲಿ ಬಂದದ್ದು, ಯಾರೋ ಬಾಗಿಲು ತಟ್ಟಿದ್ದರಿಂದ ಅರ್ಧಕ್ಕೇ ನಿಂತದ್ದು ಎಂದು 1816ರಲ್ಲಿ ಅಚ್ಚುಹಾಕುವಾಗ ಅವನೇ ಬರೆದ. ಅವನ ಕೈಬರಹದ ಪ್ರತಿ ಸಿಕ್ಕಿದೆ. ಅಚ್ಚಾದ ಪಾಠಕ್ಕೂ ಅದಕ್ಕೂ ವ್ಯತ್ಯಾಸಗಳಿವೆ. ಕನಸನ್ನೂ ತಿದ್ದಿದ್ದಾನೆ ಎಂದಾಯಿತು.

ನಮ್ಮ ನವೋದಯದ ಇಬ್ಬರು ದೊಡ್ಡವರನ್ನೂ ಈ ಪಕ್ಷಕ್ಕೆ ಎಳೆಯುವುದುಂಟು. ಬೇಂದ್ರೆ ತಮ್ಮೊಳಗಿನ ಅಂಬಿಕಾತನಯದತ್ತನ ನುಡಿಯನ್ನು ಲೋಕಕ್ಕೆ ತಲುಪಿಸುವವನು ಮಾತ್ರ ತಾನು ಎಂದರು. ಇರಲಿ, ಒಳಗಿನವನೇ ಹೇಳಿದ. ಕೇಳಿಸಿಕೊಂಡವನ ಕಿವಿ ಲಾವಣಿ, ತ್ರಿಪದಿ, ಧಾರವಾಡದ ಮನೆಮಾತಿನ ಲಯಗಳಲ್ಲಿ ಎಷ್ಟು ಪಳಗಿತ್ತು! ಪಳಗದ ಕಿವಿಗೆ ಅದೇ ಅಂಬಿಕಾತನಯದತ್ತ ಏನು ಹೇಳಿದ್ದರೂ ಗದ್ದಲವಾಗಿಯೇ ಕೇಳುತ್ತಿತ್ತು. ಕುವೆಂಪು ದರ್ಶನ, ಆವೇಶ, ಕೃಪೆ ಎಂಬ ಮಾತುಗಳನ್ನು ಮನಸಾರೆ ನಂಬಿದವರು. ಅವರೇ ಕಾಲೇಜಿನಲ್ಲಿ ಪಾಠ ಹೇಳುತ್ತ, 1936ರಿಂದ ಒಂಬತ್ತು-ಹತ್ತು ವರ್ಷ ‘ಶ್ರೀ ರಾಮಾಯಣ ದರ್ಶನಂ’ಗೆ ಕೂತರು. 22,000ಕ್ಕೂ ಮಿಕ್ಕ ಸಾಲು. ಕೃಪೆಗೆ ಕಾದವರು ನಿಜ, ಆದರೆ ಬರೆಯುತ್ತ ಕಾದರು.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಕೂತರೆ ಸಾಕು, ಕವಿತೆ ಬರುತ್ತದೆ ಎಂಬುದೂ ಸುಳ್ಳು. ಅವಧಾನದ ವೇದಿಕೆಯಲ್ಲಿ ಪೃಚ್ಛಕರು ಅಕ್ಷರಕ್ಕೊಂದು ನಿಷೇಧ ಹಾಕುತ್ತಿರುವಾಗ ಅವಧಾನಿ ಛಂದಸ್ಸು ತಪ್ಪದೆ ಪದ್ಯ ಕಟ್ಟುವುದನ್ನು ನೋಡಿದರೆ ಅಭ್ಯಾಸದ ಬಲ ಎಷ್ಟೆಂದು ತಿಳಿಯುತ್ತದೆ. ಆ ಪದ್ಯಗಳಲ್ಲಿ ಮನೆಗೆ ಹೋದ ಮೇಲೂ ಬೆನ್ನು ಹತ್ತುವುವು ಕೆಲವೇ. ಯುಗಾದಿ ಗೋಷ್ಠಿಗೆಂದು ಹೊಸೆದ ಬೇವುಬೆಲ್ಲದ ಪದ್ಯಗಳ ಮಾತು ಬೇಡವೇ ಬೇಡ. ಹೇಳಲು ಏನೂ ಇಲ್ಲದಾಗ ಸುಮ್ಮನಿರುವ ಕವಿ ಇವರಿಗಿಂತ ಮೇಲು. ಆದರೆ ಆ ಸುಮ್ಮನಿರುವಿಕೆಯಲ್ಲಿ ಓದು ನಡೆಯುತ್ತಿದೆಯೇ, ಹಳೆಯ ಕರಡುಗಳು ಹೊರಬರುತ್ತಿವೆಯೇ, ಭಾಮಿನಿಯ ಲಯವಾದರೂ ಬಾಯಲ್ಲಿದೆಯೇ? ಇಲ್ಲದಿದ್ದರೆ ಅದಕ್ಕೆ ಕಾಯುವುದು ಎಂದು ಹೆಸರಿಡುವುದು ಅತಿಯಾಯಿತು.

ದೀಪಾವಳಿ ವಿಶೇಷಾಂಕಗಳಿಗೆ ಪದ್ಯ ಕಳಿಸುವ ಕವಿಗಳಲ್ಲಿ ಒಂದು ಕೋರಿಕೆ. ಎರಡನೇ ಜಾವದಲ್ಲಿ ಬಂದದ್ದನ್ನು ನಾಲ್ಕನೇ ಜಾವದಲ್ಲಿ ಒಮ್ಮೆ, ಬೇರೆಯವರ ಪದ್ಯವೆಂದುಕೊಂಡು, ಓದಿ. ಆಮೇಲೆ ಕಳಿಸಿ.