ಅಥಣಿಯ ಕಾಲ್ಮರಿ, ನಿಪ್ಪಾಣಿಯ ಕಟ್

ಅಥಣಿಯ ಪೇಟೆಯಲ್ಲಿ ಕಾಲ್ಮರಿ ಕೊಳ್ಳಹೊರಟವರು ಮೊದಲು ನೋಡತಕ್ಕದ್ದು ಅದರ ಮುಖವನ್ನಲ್ಲ, ಬೆನ್ನನ್ನು. ಮುಖದ ಮೇಲೆ ಹೆಣೆದ ಪಟ್ಟಿಯುಂಟು, ಕೆಂಪು ಗೊಂಡೆಯುಂಟು, ಜರಿಯ ಎಳೆಯುಂಟು. ಕಣ್ಣನ್ನು ಒಲಿಸಿಕೊಳ್ಳುವ ಈ ಪರಿಕರಗಳೆಲ್ಲ ಒಳ್ಳೆಯ ಮೆಟ್ಟಿನಲ್ಲಿ ಎಷ್ಟಿರುವುವೋ ಕಳಪೆಯದರಲ್ಲಿಯೂ ಅಷ್ಟೇ ಇರುತ್ತವೆ, ಕೆಲವೊಮ್ಮೆ ಒಂದು ಗೊಂಡೆ ಹೆಚ್ಚಾಗಿಯೇ ಇರುತ್ತದೆ. ತಿರುವಿ ಹಿಡಿದಾಗ ಕಾಣುವ ಅಟ್ಟೆಯಾದರೋ ಅಷ್ಟು ಸುಲಭವಾಗಿ ವೇಷ ಹಾಕಲಾರದು. ಅಂಚಿನುದ್ದಕ್ಕೂ ಚರ್ಮದ ದಾರದ ಹೊಲಿಗೆ ಒಂದೇ ಅಂತರದಲ್ಲಿ ಹರಿದಿದ್ದು, ಎಲ್ಲಿಯೂ ಮೊಳೆಯ ತಲೆ ತೋರದೆ, ಹಿಮ್ಮಡಿಯ ಪದರಗಳ ನಡುವೆ ರಟ್ಟಿನ ತುಂಡು ಇಣುಕದೆ, ಎರಡು ಕೈಯಿಂದ ಬಗ್ಗಿಸಿದಾಗ ಬಿರುಕು ಬಿಡದೆ ಬಾಗಿ, ಬಿಟ್ಟಾಗ ತನ್ನ ಆಕಾರಕ್ಕೆ ತಾನೇ ಮರಳಿದರೆ, ಅದನ್ನು ಮಾಡಿದ ಕೈ ಬಲ್ಲವರ ಕೈ ಎಂದು ತಿಳಿಯಬಹುದು. ಕಡೆಯ ಪರೀಕ್ಷೆ ಮೂಗಿನದು. ತೊಗಟೆಯ ಕಷಾಯದಲ್ಲಿ ಹದಗೊಂಡ ಚರ್ಮಕ್ಕೆ ಒಗರಾದ, ಮಣ್ಣಿಗೆ ಹತ್ತಿರವಾದ ಒಂದು ವಾಸನೆಯುಂಟು. ಒಮ್ಮೆ ಅದನ್ನು ಗುರುತಿಸಿದ ಮೂಗು ಬಣ್ಣ ಬಳಿದ ಕೃತಕ ವಸ್ತುವಿಗೆ ಮತ್ತೆ ಮೋಸಹೋಗುವುದಿಲ್ಲ.

ದುಬಾರಿಯ ವಸ್ತುವನ್ನು ಕೊಳ್ಳುವವರಿಗೆ ಇಂಥ ಶ್ರಮವಿಲ್ಲ. ಅಂಗಡಿಯ ಹೆಸರು, ಪೆಟ್ಟಿಗೆಯ ಮೇಲಿನ ಮುದ್ರೆ, ತಂಪು ಕೋಣೆಯ ದೀಪಗಳು, ಇವೆಲ್ಲ ಅವರ ಪರವಾಗಿ ಜಾಮೀನು ನಿಲ್ಲುತ್ತವೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಎಂಬ ಈ ಗಡಿಸೀಮೆಯ ಊರುಗಳಲ್ಲಿ, ಮಾಡುವವರಿಗೂ ಮಾರುವವರಿಗೂ ನಡುವೆ ಅನೇಕ ವೇಳೆ ಎರಡು ಓಣಿಗಳಿಗಿಂತ ಹೆಚ್ಚಿನ ದೂರವಿಲ್ಲದ ಕಾರಣ, ಅಲಂಕಾರದ ವಸ್ತುವಾಗಲಿ ಮಧ್ಯಾಹ್ನದ ಊಟವಾಗಲಿ ಅಗ್ಗವಾಗಿ ದೊರೆಯುತ್ತದೆ. ಆದರೆ ಜಾಮೀನಿಲ್ಲದೆ ದೊರೆಯುತ್ತದೆ. ಇಲ್ಲಿ ಕೊಳ್ಳುವವರು ತಮ್ಮ ಕಣ್ಣು ಕಿವಿ ಮೂಗು ನಾಲಗೆಗಳನ್ನೇ ನೆಚ್ಚಿಕೊಳ್ಳಬೇಕು. ಮಹಾನಗರದಿಂದ ಬಂದ ನೆಂಟರು ಇಲ್ಲಿಯ ಪೇಟೆಯಲ್ಲಿ ನಿಂತು, ಇಲ್ಲೇನೂ ಇಲ್ಲವಲ್ಲ ಎಂದು ಮುಖ ಸಣ್ಣದು ಮಾಡುವುದನ್ನು ಕಂಡಾಗಲೆಲ್ಲ, ಇರುವುದನ್ನು ನೋಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿದೆಯೆಂದು ನನಗೆ ಅನಿಸುತ್ತದೆ.

ಕಾಲ್ಮರಿಯ ಮಾತು ಇನ್ನೂ ಮುಗಿದಿಲ್ಲ. ಅದರ ವಿದ್ಯೆಯ ಮೂಲವೆಲ್ಲ ಚರ್ಮದ ಹದದಲ್ಲಿದೆ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ಚೀಲದ ಆಕಾರಕ್ಕೆ ಹೊಲಿದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಕಷಾಯವನ್ನು ಒಳಗೆ ತುಂಬಿ ತೂಗುಹಾಕುವುದು ಹಳೆಯ ಪದ್ಧತಿ. ಕಷಾಯ ಒಳಗಿನಿಂದ ಹೊರಕ್ಕೆ ಜಿನುಗುತ್ತ ಜಿನುಗುತ್ತ ತೊಗಲು ಚರ್ಮವಾಗುತ್ತದೆ. ಕ್ರೋಮಿಯಂ ಲವಣಗಳಿಂದ ಬಹು ಬೇಗ ಮುಗಿಯುವ ಕಾರ್ಯಕ್ಕೆ ಈ ಕ್ರಮದಲ್ಲಿ ವಾರಗಟ್ಟಲೆ ಕಾಲ ಹಿಡಿಯುತ್ತದೆ. ಆ ವಿಳಂಬದ ಫಲವಾಗಿಯೇ ಬೇಸಗೆಯಲ್ಲಿ ಪಾದ ಬೇಯದಿರುವುದು, ಧರಿಸಿದಷ್ಟೂ ಬಣ್ಣ ಗಾಢವಾಗುವುದು, ಅಟ್ಟೆ ಪಾದದ ಅಚ್ಚನ್ನು ತನ್ನಲ್ಲಿ ತಾನೇ ಮೂಡಿಸಿಕೊಳ್ಳುವುದು. ತನ್ನ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದನೆಂಬ ಹರಳಯ್ಯನ ಕಥೆಯನ್ನು ಭಕ್ತಿಯಿಂದ ಕೇಳುವ ನಾಡು, ಅದೇ ಕಸುಬಿನವರನ್ನು ಊರ ಅಂಚಿಗೆ ಸರಿಸಿ ಇಟ್ಟುದು ಹೇಗೆಂಬ ಪ್ರಶ್ನೆ ಈ ಓಣಿಗಳಲ್ಲಿ ನಡೆಯುವಾಗ ಮನಸ್ಸಿಗೆ ಬಾರದೆ ಇರದು.

ಲೋಕ ಈ ಮೆಟ್ಟನ್ನು ಕೊಲ್ಹಾಪುರಿಯೆಂದು ಕರೆಯುತ್ತದೆ. ಅದರಲ್ಲಿ ಕೋಪಕ್ಕೆ ಕಾರಣವಿಲ್ಲ. ರಾಯಬಾಗ ಒಂದು ಕಾಲದಲ್ಲಿ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಆಶ್ರಯ ಕೊಟ್ಟರು. ಮಾಲು ಅಲ್ಲಿಯ ಪೇಟೆಗೆ ಹೋಗಿ ಅಲ್ಲಿಂದ ಮುಂಬಯಿಗೆ ಇಳಿಯುತ್ತಿತ್ತು. ಮಾರಿದ ಊರಿನ ಹೆಸರೇ ಮಾಡಿದ ಊರುಗಳಿಗೂ ಅಂಟಿತು. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂದಾಗ ಮಾತ್ರ ಲೆಕ್ಕ ಸರಿಹೋಯಿತು: ಆ ಕಡೆಯ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳೊಡನೆ ಈ ಕಡೆಯ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಆ ಹೆಸರಿನ ಮೇಲೆ ಸಮಾನವಾದ ಹಕ್ಕು ದೊರೆತಿದೆ. ಭಾಷೆಯ ಗಡಿಗಾಗಿ ಇಷ್ಟು ವರ್ಷ ವಾದಿಸಿದ ಎರಡು ರಾಜ್ಯಗಳು ಒಂದು ಜೊತೆ ಚಪ್ಪಲಿಯ ವಿಷಯದಲ್ಲಿ ಒಂದಾದುದು ವಿನೋದದ ಸಂಗತಿಯೇ ಸರಿ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ವೇಷಭೂಷಣ ಪ್ರದರ್ಶನದಲ್ಲಿ ಪ್ರಾಡಾ ಎಂಬ ಪ್ರಸಿದ್ಧ ಸಂಸ್ಥೆ ಇದೇ ಮಾದರಿಯ ಮೆಟ್ಟನ್ನು, ಮೂಲದ ಊರಿನ ಹೆಸರೆತ್ತದೆ ಮೆರೆಸಿತು; ಇಲ್ಲಿ ಗದ್ದಲವೆದ್ದ ಬಳಿಕ ಋಣವನ್ನು ಒಪ್ಪಿಕೊಂಡಿತು; ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಎಂಬ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಇಲ್ಲಿಯ ಕುಶಲಕರ್ಮಿಗಳಿಂದ 2000 ಜೊತೆ ಮಾಡಿಸಿ ಒಂದೊಂದನ್ನು ಸುಮಾರು 800 ಯೂರೋಗಳಿಗೆ ಮಾರುವುದಾಗಿ ಸಾರಿತು. ಅಥಣಿಯ ಓಣಿಯಲ್ಲಿ ಸಾವಿರ ರೂಪಾಯಿಯ ಆಚೆ ಈಚೆಗೆ ಸಿಕ್ಕುವ ವಸ್ತುವಿನ ಸಹೋದರಿಯದು ಆ ಬೆಲೆ. ಇದರಿಂದ ನಾನು ಕಲಿತ ಪಾಠ ದೊಡ್ಡದೇನಲ್ಲ: ಇಲ್ಲಿ ಚೌಕಾಸಿ ಮಾಡುವಾಗ ನಾಲಗೆಯನ್ನು ಸ್ವಲ್ಪ ಬಿಗಿಹಿಡಿಯುತ್ತೇನೆ. ಅಟ್ಟೆ ಕತ್ತರಿಸಿ ಕುಟ್ಟುವ ಕೆಲಸ ಬಹುಮಟ್ಟಿಗೆ ಗಂಡಸರದಾದರೆ, ಮೇಲಿನ ಪಟ್ಟಿಯನ್ನು ಹೆಣೆದು ಗೊಂಡೆ ಕೂಡಿಸುವ ಸೂಕ್ಷ್ಮವಾದ ಕೆಲಸ ಮನೆಯ ಹೆಂಗಸರದು. ಅಡಿಗೆಯ ನಡುವೆ, ಮಕ್ಕಳ ನಡುವೆ ಕದ್ದ ಹೊತ್ತಿನಲ್ಲಿ ಆಗುವ ಆ ಕೆಲಸ ಬೆಲೆಯೊಳಗೆ ಕಾಣಿಸಿಕೊಳ್ಳುವುದೇ ಇಲ್ಲ. ನಾವು ಜಗ್ಗಾಡಿ ಉಳಿಸುವ ಐವತ್ತು ರೂಪಾಯಿ ಹೆಚ್ಚಾಗಿ ಆ ಪಾಲಿನಿಂದಲೇ ಬರುತ್ತದೆ.

ಹೊಸ ಕಾಲ್ಮರಿ ಕಚ್ಚುತ್ತದೆ; ಅದನ್ನು ದೋಷವೆಂದು ತಿಳಿದು ಮೂರನೆಯ ದಿನಕ್ಕೆ ಮೂಲೆಗೆಸೆಯುವವರು ಬಹಳ. ‘ಎಂಟ ದಿನಾ ಎಣ್ಣಿ ಹಚ್ಚರಿ, ಆಮ್ಯಾಲ ತಾನ ಮೆತ್ತಗಾಗತೈತ್ರಿ’ ಎಂಬುದು ಈ ಭಾಗದ ಅಂಗಡಿಗಳಲ್ಲಿ ಕೊಡುವ ಸಲಹೆಯ ರೀತಿ, ಮತ್ತು ಅದು ಸರಿಯಾದ ಸಲಹೆ. ಕೊಬ್ಬರಿ ಎಣ್ಣೆಯಾದರೂ ಆದೀತು, ಔಡಲ ಎಣ್ಣೆಯಾದರೂ ಆದೀತು. ಪಟ್ಟಿಯ ಒಳಮೈಗೆ, ಅಟ್ಟೆಯ ಇಕ್ಕೆಲದ ಕಿವಿಗಳ ಬುಡಕ್ಕೆ ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಒರೆಸಬೇಕು. ಮಳೆಗಾಲದಲ್ಲಿ ಇದನ್ನು ಧರಿಸುವುದು ಅಪರಾಧ. ಮೃಗಶಿರೆ ಕೂಡಿದ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿ, ದಸರೆಗೆ ಇಳಿಸಿಕೊಳ್ಳುವುದೇ ಬಲ್ಲವರ ಕ್ರಮ.

ಪಾದದಿಂದ ಮುಂಗೈಗೆ ಬರೋಣ. ಚಿಕ್ಕೋಡಿಯ ಪೇಟೆಯಲ್ಲಿ ಬಳೆ ಇಡಿಸಿಕೊಳ್ಳುವುದೆಂದರೆ ಕೊಳ್ಳುವುದಷ್ಟೇ ಅಲ್ಲ, ಒಂದು ಕೈಚಳಕವನ್ನು ಅನುಭವಿಸುವುದು. ಎರಡು-ನಾಲ್ಕು, ಎರಡು-ಆರು ಎಂಬ ಅಳತೆಗಳನ್ನು ಹೆಂಗಸರೆಲ್ಲ ಬಲ್ಲರು; ಎರಡು ಅಂಗುಲದ ಮೇಲೆ ಹದಿನಾರರ ಲೆಕ್ಕದಲ್ಲಿ ನಾಲ್ಕು ಅಥವಾ ಆರು ಪಾಲು ಎಂಬುದು ಅದರ ಅರ್ಥ. ಆದರೆ ಒಳ್ಳೆಯ ಬಳೆಗಾರ ಅಳತೆ ಕೇಳುವುದೇ ಇಲ್ಲ. ಕೈಯನ್ನು ಹಿಡಿದು, ಹೆಬ್ಬೆರಳ ಬುಡವನ್ನು ಒತ್ತಿ ಮಡಿಸಿ ನೋಡಿ, ನೀವು ಹೇಳುವುದಕ್ಕಿಂತ ಒಂದು ಪಾಲು ಚಿಕ್ಕದನ್ನೇ ಆರಿಸಿ, ಮಾತಿನಲ್ಲಿ ನಿಮ್ಮ ಗಮನವನ್ನು ಬೇರೆಡೆಗೆ ಸೆಳೆಯುತ್ತ, ಒಡೆಯದೆ ನೋಯಿಸದೆ ಒಳಗೆ ಕಳುಹಿಸಿಬಿಡುತ್ತಾನೆ. ಹಾಗೆ ಇಟ್ಟ ಬಳೆ ಮುಂಗೈಯಲ್ಲಿ ನಿಲ್ಲುತ್ತದೆ. ಸಡಿಲವಾದ ಬಳೆ ಪಾತ್ರೆ ತೊಳೆಯುವ ಮೊದಲ ದಿನವೇ ಹೋಗುತ್ತದೆ. ಮದುವೆಗೂ ಕುಬಸಕ್ಕೂ ಹಸಿರು ಬಳೆಯೇ ಆಗಬೇಕು. ಅದನ್ನು ಕೊಳ್ಳುವಾಗ ಎರಡನ್ನು ಮೆಲ್ಲನೆ ತಾಗಿಸಿ ಕೇಳಿ. ಕೂದಲೆಳೆಯ ಬಿರುಕಿದ್ದರೂ ನಾದ ಮಂಕಾಗುತ್ತದೆ.

ಬೆಳ್ಳಿಯ ಬಗೆಗೆ ಹೆಚ್ಚು ಹೇಳಲಾರೆ. ನಿಪ್ಪಾಣಿಗೆ ಸಮೀಪದಲ್ಲಿಯೇ, ರಾಜ್ಯದ ಗಡಿಯಾಚೆಗೆ, ಹುಪರಿಯೆಂಬ ಬೆಳ್ಳಿಯ ಊರಿದೆ. ದೇಶದ ದೂರದೂರದ ಪೇಟೆಗಳಿಗೆ ಕಾಲ್ಗೆಜ್ಜೆ ಹೋಗುವುದು ಅಲ್ಲಿಂದ. ಆದರೆ ಬೆಳ್ಳಿಯ ಧಾರಣೆ ಈಚೆಗೆ ಏರಿದ ಎತ್ತರವನ್ನು ನೋಡಿದರೆ, ಅದನ್ನು ಅಗ್ಗದ ಚೆಲುವಿನ ಅಂಕಣದಲ್ಲಿ ಸೇರಿಸಲು ಲೇಖನಿಯೇ ಹಿಂಜರಿಯುತ್ತದೆ. ಅದಕ್ಕಿಂತ ರಾಯಬಾಗ ತಾಲ್ಲೂಕಿನ ಚಿಂಚಲಿಗೆ ಹೋಗಿ. ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಗಾಳಿಯೆಲ್ಲ ಭಂಡಾರದ ಹಳದಿಯಾಗುತ್ತದೆ. ಆ ಹಳದಿಯ ನಡುವೆ ಕುಂಕುಮದ ರಾಶಿಗಳ ಅಂಗಡಿ. ಅರಿಸಿನಕ್ಕೆ ಸುಣ್ಣ ಕೂಡಿಸಿ ಮಾಡಿದ ಕುಂಕುಮ ಗಾಢವಾದ, ಸ್ವಲ್ಪ ಕಂದಿದ ಕೆಂಪು. ಕಣ್ಣು ಕುಕ್ಕುವ ಗುಲಾಬಿಗೆಂಪು ಬಣ್ಣದ ಪುಡಿಯದು. ಸಂಶಯ ಬಂದರೆ ಚಿಟಿಕೆಯ ಮೇಲೆ ಲಿಂಬೆಹುಳಿಯ ಹನಿ ಬಿಡಿ: ಸುಣ್ಣದಿಂದ ಬಂದ ಕೆಂಪು ಹುಳಿ ತಾಗಿದೊಡನೆ ಅರಿಸಿನದ ಹಳದಿಗೆ ತಿರುಗುತ್ತದೆ. ಹಿಂದಿನ ಹೆಂಗಸರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ಸಂಜೆಯವರೆಗೆ ಅಲುಗದ ಆ ವೃತ್ತದ ಅಂದವನ್ನು ಅಂಟಿಸಿಕೊಳ್ಳುವ ಟಿಕಳಿ ಕಂಡುದಿಲ್ಲ.

ಇಷ್ಟು ತಿರುಗಿದ ಮೇಲೆ ಹಸಿವಾಗುವುದು ಸಹಜ. ಕೃಷ್ಣೆಯ ದಂಡೆಯ ಕುಡಚಿ, ಉಗಾರಗಳ ಕಡೆ ಚಳಿಗಾಲದಲ್ಲಿ ಹೋದವರಿಗೆ ಕಬ್ಬಿನ ಗಾಡಿಗಳ ಹಿಂದೆ ಸಿಲುಕುವುದು ತಪ್ಪುವುದಿಲ್ಲ. ಆ ಬೇಸರಕ್ಕೆ ಪರಿಹಾರವೂ ಅದೇ ರಸ್ತೆಯ ಬದಿಯಲ್ಲಿದೆ, ಗೆಜ್ಜೆ ಕಟ್ಟಿದ ಚಕ್ರ ಝಲ್ಲೆನ್ನುತ್ತ ತಿರುಗುವ ರಸವಂತಿಗಳಲ್ಲಿ. ಶುಂಠಿಯ ಚೂರು, ಲಿಂಬೆ ಸೇರಿಸಿ ಹಿಂಡಿಸಿಕೊಳ್ಳಿ, ಬರ್ಫ ಬೇಡವೆನ್ನಿ. ಕಾಗವಾಡದವರೆಗೆ ಹೋದವರು ಇನ್ನು ಸ್ವಲ್ಪ ಮುಂದೆ, ಪಂಚಗಂಗೆ ಕೃಷ್ಣೆಯನ್ನು ಕೂಡುವ ನರಸೋಬಾವಾಡಿಯ ಬಾಸುಂದಿಯನ್ನು ಸವಿಯದೆ ಮರಳುವುದು ಅರಸಿಕತೆ. ಆದರೆ ಇವೆಲ್ಲ ಉಪಚಾರಗಳು. ಊಟವೆಂದರೆ ಅಥಣಿ ಚಿಕ್ಕೋಡಿಗಳ ಖಾನಾವಳಿಯೇ.

ಖಾನಾವಳಿಯನ್ನು ಆರಿಸುವುದಕ್ಕೆ ಹೊರಗಿನ ಫಲಕವನ್ನು ಓದುವ ಅವಶ್ಯಕತೆಯಿಲ್ಲ. ಬಾಗಿಲಲ್ಲಿ ಒಂದು ಕ್ಷಣ ನಿಂತು ಕಿವಿಗೊಟ್ಟರೆ ಸಾಕು. ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ನಿರಂತರವಾಗಿ ಬರುತ್ತಿದ್ದರೆ ಒಳಗೆ ಹೋಗಿ; ಸದ್ದಿಲ್ಲದೆ ಬುಟ್ಟಿಯಿಂದ ರೊಟ್ಟಿ ಬರುವಲ್ಲಿ ಅದು ಬೆಳಿಗ್ಗೆಯದೆಂದು ತಿಳಿಯಿರಿ. ಖಡಕ್ ರೊಟ್ಟಿಯ ಮಾತು ಬೇರೆ, ಅದಕ್ಕೆ ವಯಸ್ಸೇ ಗುಣ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯುಂಡೆ, ಬದಿಯಲ್ಲಿ ಝುಣಕ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದು ಹಿಡಿ ಹಸಿ ಮೆಂತ್ಯದ ಸೊಪ್ಪು, ಗುದ್ದಿ ಒಡೆದ ಉಳ್ಳಾಗಡ್ಡಿ: ಇಷ್ಟು ತಾಟಿನಲ್ಲಿ ಕೂಡಿದ ಮೇಲೆ ಮಿಕ್ಕ ಭಕ್ಷ್ಯಗಳ ಪಟ್ಟಿಯನ್ನು ಕೇಳುವವರು ಊಟದ ಮರ್ಮ ಅರಿಯದವರು. ಎಲ್ಲಕ್ಕೂ ಮೊದಲು ಝುಣಕವನ್ನು ಬೆರಳಿನಿಂದ ಮುಟ್ಟಿ ನೋಡಿ. ಕಡಲೆಹಿಟ್ಟಿನ ಹಸಿವಾಸನೆ ಉಳಿದಿದ್ದರೆ ಅಡಿಗೆಯವರಿಗೆ ಅವಸರವಿತ್ತು. ಬೆರಳಿಗೆ ಅಂಟದೆ, ಒಣಗಿಯೂ ಹೋಗದೆ, ಬಳ್ಳೊಳ್ಳಿಯ ಘಮವನ್ನು ಕಡೆಯಲ್ಲಿ ಬಿಟ್ಟರೆ ಆ ಖಾನಾವಳಿಯನ್ನು ನೆನಪಿನಲ್ಲಿಡಿ. ಈಚೆಗೆ ಇಂಥ ಸ್ಥಳಗಳಲ್ಲಿಯೂ ಗೋಬಿ ಮಂಚೂರಿಯ ಕೆಂಪು ಹೊಗೆಯಾಡುತ್ತಿದೆ. ಕಾಲಧರ್ಮ, ಆದರೆ ಆ ಬಾಣಲೆಗೆ ಬೆನ್ನು ತಿರುಗಿಸಿ ಕುಳಿತುಕೊಳ್ಳುವ ಸ್ವಾತಂತ್ರ್ಯ ನಮಗಿದೆ.

ನಿಪ್ಪಾಣಿಯ ನ್ಯಾಯ ಬೇರೆ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಈ ಊರು ತಂಬಾಕಿನದು. 1981ರಲ್ಲಿ ಬೆಳೆಗಾರರು ಧಾರಣೆಗಾಗಿ ಅದೇ ಹೆದ್ದಾರಿಯನ್ನು ತಡೆದು ಕುಳಿತದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ವಖಾರಿಗೆ ಹೋಗುವವರು, ಬೀಡಿ ಕಟ್ಟುವವರು, ರಾತ್ರಿಯಿಡೀ ವಾಹನ ನಡೆಸಿ ಬಂದ ಚಾಲಕರು, ಇವರೆಲ್ಲರಿಗೂ ಬೇಕಾದದ್ದು ಮೈಯನ್ನು ಒಮ್ಮೆಗೇ ಎಚ್ಚರಿಸುವ ನಾಷ್ಟಾ. ಅದಕ್ಕೆ ತಕ್ಕುದು ಮಿಸಳ. ಮೊಳಕೆ ಬಂದ ಮಡಕಿ ಕಾಳಿನ ಉಸಳ, ಅದರ ಮೇಲೆ ಫರಸಾಣ, ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಲಿಂಬೆಯ ಹೋಳು; ಕೊಲ್ಹಾಪುರದ ಸಂಪ್ರದಾಯದಂತೆ ಪಾವಿನ ಬದಲಿಗೆ ಬ್ರೆಡ್ಡಿನ ಚೂರುಗಳು. ಇವೆಲ್ಲ ಎಲ್ಲಿಯಾದರೂ ದೊರಕುವಂಥವು. ಅಂಗಡಿಯ ಮಾನವಿರುವುದು ಮೇಲೆ ಸುರಿಯುವ ಕಟ್‌ನಲ್ಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ, ಎಳ್ಳು, ಮೆಣಸಿನಕಾಯಿಗಳನ್ನು ಹುರಿದು ಅರೆದ ಮಸಾಲೆ ಚೆನ್ನಾಗಿ ಕುದಿದಾಗ ಎಣ್ಣೆ ಕೆಂಪಾಗಿ ಮೇಲೆ ತೇಲುತ್ತದೆ, ಕೆಳಗಿನ ಸಾರು ತೆಳ್ಳಗಿರುತ್ತದೆ; ಹಿಟ್ಟು ಕಲಸಿ ಗಟ್ಟಿಮಾಡಿದ್ದರೆ ಚಮಚದ ಬೆನ್ನಿಗೆ ಅಂಟಿಕೊಂಡು ತನ್ನ ಗುಟ್ಟನ್ನು ತಾನೇ ಹೇಳುತ್ತದೆ. ಒಳ್ಳೆಯ ಕಟ್ ಮೊದಲ ತುತ್ತಿಗೆ ಕಣ್ಣೀರು ತರಿಸಬಹುದು, ಹೊಟ್ಟೆ ಮಾತ್ರ ಉರಿಯಬಾರದು. ಹತ್ತು ಗಂಟೆಯೊಳಗೆ ಹೋಗಿ. ಅನಂತರ ಪಾತ್ರೆಯ ತಳದ್ದೇ ಗತಿ. ಎರಡನೆಯ ಬಾರಿ ಕಟ್ ಬೇಡುವುದಕ್ಕೆ ಸಂಕೋಚ ಬೇಡ, ಅದನ್ನು ಕೇಳಿದಷ್ಟು ಬಡಿಸುವುದು ಈ ಕಡೆಯ ರೂಢಿ. ಆದರೆ ಬ್ರೆಡ್ಡು ತಾಟಿನಲ್ಲಿ ಉಳಿದಿರುವಾಗಲೇ ಕೇಳಿ. ಬ್ರೆಡ್ಡು ಮುಗಿದ ಮೇಲೆ ಬರಿಯ ಕಟ್ ಕೇಳುವವರನ್ನು ಬಡಿಸುವವನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಾನೆ, ಬಡಿಸುತ್ತಾನೆ, ಮುಂದಿನ ಸಲ ಹೋದಾಗ ಗುರುತು ಹಿಡಿಯುತ್ತಾನೆ.