ಸತುವನ್ನು ಸತುವೇ ಅಳೆಯುವ ಬಗೆ
ಬೈರಕೂರಿನಲ್ಲಿ ಉಪ್ಸಾರಿಗೆ ಅದ್ದಿ ನುಂಗಿದ ರಾಗಿ ಮುದ್ದೆಯಿಂದ ಒಂದಿಷ್ಟು ಸತು ಕರುಳಿನ ಜೀವಕೋಶ ಸೇರುತ್ತದೆ. ಅದು ಬೇಕೇ ಬೇಕು, ಅತಿಯಾದರೆ ವಿಷ. ಈ ಹದ ಕಾಯುವ ಎಂಟಿಎಫ್-1 ಎಂಬ ಪ್ರೋಟೀನಿಗೆ ನಾನು ಮಾರುಹೋಗಿದ್ದೇನೆ.

ಅದಕ್ಕೆ ಬೆರಳಿನಂತೆ ಮಡಚುವ ಆರು ಭಾಗಗಳಿವೆ, ಅವನ್ನು ಬೆರಳುಗಳೆಂದೇ ಕರೆಯುತ್ತಾರೆ. ಪ್ರತಿ ಬೆರಳೂ ಮಡಚಿ ನಿಲ್ಲಲು ಒಂದೊಂದು ಸತುವಿನ ಅಯಾನು ಬೇಕು. ಕೋಶದಲ್ಲಿ ಸತು ಹೆಚ್ಚಿತೆಂದರೆ ಬೆರಳುಗಳು ಬಿಗಿಗೊಳ್ಳುತ್ತವೆ, ಪ್ರೋಟೀನು ಕೋಶಕೇಂದ್ರಕ್ಕೆ ಸರಿದು, ಡಿಎನ್‌ಎ ಎಳೆಯಲ್ಲಿ ತನಗೆಂದೇ ಇರುವ ಏಳಕ್ಷರದ ಗುರುತನ್ನು ಹುಡುಕಿ ಹಿಡಿಯುತ್ತದೆ. ಕೋಟ್ಯಂತರ ಅಕ್ಷರಗಳ ನಡುವೆ! ಅಳೆಯಬೇಕಾದ ಲೋಹವೇ ಅಳೆಯುವವನ ಮೈಯಲ್ಲೂ ಇದೆ. ಇಷ್ಟು ಚೊಕ್ಕದಾದ ಕೆಲಸವನ್ನು ಬೇರೆಲ್ಲೂ ಕಂಡಿಲ್ಲ.

ಆಗ ಎಚ್ಚರಗೊಳ್ಳುವುದು ಮೆಟಲೋಥಿಯೊನೀನ್ ಜೀನು. ಅದು ಮಾಡಿಸುವ ಮೆಟಲೋಥಿಯೊನೀನ್, 1957ರಲ್ಲಿ ವಿಜ್ಞಾನಿಗಳಾದ ಮಾರ್ಗೋಷೆಸ್ ಮತ್ತು ವ್ಯಾಲಿ ಕುದುರೆಯ ಮೂತ್ರಪಿಂಡದಲ್ಲಿ ಮೊದಲು ಕಂಡ ಪ್ರೋಟೀನು. ಅರವತ್ತು ಚಿಲ್ಲರೆ ಅಮೈನೋ ಆಮ್ಲಗಳ ಪುಟಾಣಿ ಎಳೆ. ಅದರಲ್ಲಿ 20 ಸಿಸ್ಟೀನ್‌ಗಳು. ಅವುಗಳ ಗಂಧಕ ಏಳು ಸತುವಿನ ಅಯಾನುಗಳನ್ನು ಎರಡು ಗೊಂಚಲಾಗಿ ಅಪ್ಪಿಕೊಳ್ಳುತ್ತದೆ.

ತಾಮ್ರ ಬಂದರೆ ಇನ್ನೂ ಸೊಗಸು. ಗಂಧಕಕ್ಕೆ ಅದರ ಮೇಲೆ ಒಲವು ಜಾಸ್ತಿ. ಸತು ಜಾಗ ಬಿಡುತ್ತದೆ. ಹೀಗೆ ಹೊರಬಿದ್ದ ಸತುವೇ ಎಂಟಿಎಫ್-1ರ ಬೆರಳು ಸೇರಿ, ತಾಮ್ರವನ್ನು ಹಿಡಿಯಲು ಇನ್ನಷ್ಟು ಮೆಟಲೋಥಿಯೊನೀನ್ ಮಾಡಿಸುತ್ತದೆ.